ಹಗ್ಗ ಹಿಡಿದವಳು

ಪುಸ್ತಕವೇ ಸುಳ್ಳು ಹೇಳುತ್ತಿದೆ ಎಂದು ಅವಳಿಗೆ ಮೊದಲು ಅನ್ನಿಸಿತು. ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಉದ್ದ ಮೇಜಿನ ತನ್ನ ತುದಿಯಲ್ಲಿ ಕೂತು, ಹಳೆಯ ಹೊಲಿಗೆಯ ದಾರದ ಚೂರುಗಳನ್ನು ಹೆಕ್ಕುವ ನೆಪದಲ್ಲಿ ಅವಳು ಓದುತ್ತಿದ್ದಳು. ಗ್ರಂಥಾಲಯದಿಂದ ಬೆನ್ನು ಮುರಿದ ಪುಸ್ತಕಗಳ ಗಂಟೊಂದು ಬಂದಿತ್ತು. ಅವುಗಳ ರಟ್ಟು ಕಿತ್ತು, ಹೊಲಿಗೆ ಬಿಚ್ಚಿ, ಒಣಗಿದ ಅಂಟು ಕೆರೆದು, ಮತ್ತೆ ಹೊಲಿದು ಹೊಸ ರಟ್ಟು ಹಾಕಿ ಕಳಿಸಬೇಕು. ಆ ಗಂಟಿನ ನಡುವೆ ಚಿಕ್ಕಂದಿನ ಈ ಕಥೆಪುಸ್ತಕ ಕಂಡಿತ್ತು. ಹರಿದ ಮುಖಪುಟದ ಮೇಲೆ ಒಂದು ದೊಡ್ಡ ಸರೋವರ, ದೋಣಿ, ಮೂರು ಮಕ್ಕಳು, ದೂರದಲ್ಲಿ ದ್ವೀಪ. ಅವಳ ನೆನಪಿನಲ್ಲಿ ಆ ನೀರು ಹಸಿರು. ಇಲ್ಲಿ ಕಂದು. ಬಣ್ಣ ಮಾಸಿರಬಹುದು, ಇಲ್ಲವೆ ನೆನಪಿಗೇ ಯಾರೋ ಬಣ್ಣ ಬಳಿದಿರಬಹುದು. ಕದ್ದು ಸಿಕ್ಕಿಬಿದ್ದವಳಂತೆ ಬಾಗಿಲ ಕಡೆ ನೋಡಿ, ಅವಳು ಮತ್ತೆ ಅದೇ ಪುಟಕ್ಕೆ ಬಂದಳು. ದೋಣಿಯವನು ನಿದ್ದೆ ಹೋಗಿದ್ದ. ಅಣ್ಣ ಹಗ್ಗ ಬಿಚ್ಚಿ ದೋಣಿಯೊಳಕ್ಕೆ ಎಸೆದ. ಮೂವರೂ ಹತ್ತಿದರು. ಮೂವರೂ ಹೋದರು.

ಹಾಗೆ ಆಗಬಾರದಿತ್ತು. ತಂಗಿ ದಡದಲ್ಲಿ ನಿಲ್ಲಬೇಕಿತ್ತು.

“ಏನೇ, ಹೊಲಿಯೋಕೆ ಕೊಟ್ರೆ ಓದ್ತಾ ಕೂತಿದೀಯ? ಅಡುಗೆಯವಳು ಉಪ್ಪು ನೋಡ್ಬೇಕು, ಊಟಾನೇ ಮುಗಿಸಿಬಿಡಬಾರದು” ಎಂದಳು ಅಂಟಿನಕ್ಕ. ಅಂಗಡಿಯಲ್ಲಿ ಅಂಟು ಕಾಯಿಸಿ ಬಳಿಯುವ ಕೆಲಸ ಅವಳದು. ಎಷ್ಟೋ ವರ್ಷಗಳಿಂದ ಎಲ್ಲರೂ ಹಾಗೇ ಕರೆದು, ಅವಳ ನಿಜವಾದ ಹೆಸರು ಸಂಬಳದ ದಿನ ಯಜಮಾನರು ಕೂಗಿದಾಗ ಅವಳೇ ಒಮ್ಮೊಮ್ಮೆ ತಿರುಗಿ ನೋಡುತ್ತಿರಲಿಲ್ಲ. “ಇಲ್ಲಕ್ಕ, ದಾರ ತೆಗೀತಿದೀನಿ” ಎಂದು ಇವಳು ತಲೆ ತಗ್ಗಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಯಾರೂ ಕೇಳದೆ ಚಿಮುಟವನ್ನು ಎತ್ತಿ ತೋರಿಸಿದಳು. ಅಂಟಿನಕ್ಕ ನಕ್ಕಳು. ಆ ನಗುವಿನಲ್ಲಿ ಏನಿತ್ತು? ಏನೂ ಇರಲಿಲ್ಲ. ಆದರೆ ಈ ಹೊತ್ತು ಏನೂ ಇಲ್ಲದ ಕಡೆಯೂ ಏನೋ ಇದ್ದಂತೆ ಕಾಣುತ್ತಿತ್ತು.

ಚಿಕ್ಕಂದಿನ ಮನೆಯಲ್ಲಿ, ಮಂಚದ ಮೇಲೆ ಗೋಡೆಯ ಪಕ್ಕ ಅವಳು, ಅಂಚಿಗೆ ಒಡಹುಟ್ಟಿದ ಅಕ್ಕ. ಅಕ್ಕನ ಮೊಣಕಾಲುಗಳ ಮೇಲೆ ಪುಸ್ತಕ. ಅವಳಿಗೆ ಆಗ ಅಕ್ಷರಗಳು ಸಕ್ಕರೆಗೆ ಮುತ್ತಿದ ಇರುವೆಗಳಂತೆ ಕಾಣುತ್ತಿದ್ದವು. ಕಣ್ಣು ಸರಿಯಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ, ಬುದ್ಧಿ ಸಾಲದು ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅಕ್ಕ ಓದುವುದು, ಅವಳು ಕೇಳುವುದು. ಅಪ್ಪ ಫುಟ್‌ಪಾತಿನ ರಾಶಿಯಿಂದ ಹೆಕ್ಕಿ ತಂದಿದ್ದ ಪುಸ್ತಕ ಅದು. ಕಳೆದುಹೋದ ತಂದೆಯನ್ನು ಹುಡುಕಿಕೊಂಡು ಅಣ್ಣ, ಅಕ್ಕ, ತಂಗಿ ಮೂವರು ಒಂದು ದ್ವೀಪಕ್ಕೆ ಹೊರಡುತ್ತಾರೆ. ಆ ದ್ವೀಪದಲ್ಲಿ ನೆರಳುಗಳು ಮನುಷ್ಯರನ್ನು ಬಿಟ್ಟು ತಾವೇ ತಿರುಗಾಡುತ್ತವೆ. ದಡದವರೆಗೆ ಬಂದಾಗ ಪುಟಗಳು ಮುಗಿದು, ಮುಂದಿನ ಪುಟದಲ್ಲಿ ಮಕ್ಕಳು ದ್ವೀಪದ ಮರಳಿನ ಮೇಲೆ ನಡೆಯುತ್ತಿದ್ದರು. ನಡುವಿನದು ಇರಲಿಲ್ಲ. “ಆ ಹಾಳೆಗಳು ಬಿದ್ದುಹೋಗಿವೆ ಕಣೇ” ಎಂದಿದ್ದಳು ಅಕ್ಕ. “ಬೀಳೋಕೆ ಮುಂಚೆ ನಾನು ಓದಿದ್ದೆ. ಬಾಯಿಪಾಠ ಇದೆ, ಕೇಳು.” ಕಣ್ಣು ಮುಚ್ಚಿಕೊಂಡು ಅಕ್ಕ ಹೇಳಿದ್ದಳು: ದೋಣಿಗೆ ಉದ್ದನೆಯ ಹಗ್ಗ ಕಟ್ಟಿದೆ. ದಡದಲ್ಲಿ ಯಾರಾದರೂ ಹಗ್ಗದ ತುದಿ ಹಿಡಿದು ನಿಲ್ಲದಿದ್ದರೆ ಹೋದ ದೋಣಿ ತಿರುಗಿ ಬರುವುದಿಲ್ಲ. ಯಾರು ನಿಲ್ಲುವುದು? ಆಗ ಎಲ್ಲರಿಗಿಂತ ಚಿಕ್ಕವಳು ಮುಂದೆ ಬಂದು, ನೀವು ಹೋಗಿ, ಹಗ್ಗ ನಾನು ಹಿಡೀತೀನಿ ಎನ್ನುತ್ತಾಳೆ. ದೋಣಿಯವನು ಅವಳ ತಲೆ ಮುಟ್ಟಿ ಹೇಳುತ್ತಾನೆ: ಮಗೂ, ಹಗ್ಗ ಹಿಡಿದವಳೇ ದೋಣಿ ನಡೆಸಿದವಳು.

“ಮತ್ತೆ ಮುಂದಿನ ಪುಟದಲ್ಲಿ ತಂಗೀನೂ ದ್ವೀಪದಲ್ಲಿದಾಳಲ್ಲ?” ಎಂದು ಅವಳು ಕೇಳಿದ್ದಳು. ಅಕ್ಕ ಒಂದು ಗಳಿಗೆಯೂ ತಡೆಯಲಿಲ್ಲ. “ಅದು ಅವಳ ನೆರಳು. ಅವಳು ದಡದಲ್ಲೇ ಇದಾಳೆ. ನೆರಳು ಇವರ ಜೊತೆ ಹೋಗಿದೆ.” ಎಂಥ ಉತ್ತರ! ಪುಸ್ತಕದ ಉಳಿದರ್ಧವನ್ನೆಲ್ಲ ಅವಳು ಹಾಗೇ ಕೇಳಿದಳು. ತಂಗಿ ಎಂದು ಬಂದಲ್ಲೆಲ್ಲ ನೆರಳು ಎಂದುಕೊಂಡಳು. ತಂಗಿ ಗುಹೆಯೊಳಗೆ ಮೊದಲು ನುಗ್ಗಿದಾಗ, ತಂಗಿ ತಂದೆಯ ಕೈ ಹಿಡಿದಾಗ, ಅವಳ ಮನಸ್ಸು ಅಲ್ಲಿರದೆ ದಡದಲ್ಲಿ ನಿಂತಿರುತ್ತಿತ್ತು, ಅಂಗೈ ಉರಿಯುತ್ತ. ಮುಂದೆ ಕನ್ನಡಕ ಬಂದ ಮೇಲೆ ತಾನೇ ಓದಿದಾಗಲೂ ಆ ಜಾಗಕ್ಕೆ ಬಂದು, ಪುಸ್ತಕ ಮಡಿಸಿ, ಕಣ್ಣು ಮುಚ್ಚಿ, ಅಕ್ಕನ ಮಾತುಗಳನ್ನು ಅಕ್ಕನ ಧಾಟಿಯಲ್ಲೇ ಹೇಳಿಕೊಂಡು, ಮತ್ತೆ ಪುಸ್ತಕ ತೆರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುತ್ತ ಕನ್ನಡಿಗೇ ಹೇಳುವಂತೆ ಹೇಳಿದ್ದ: “ಇಬ್ಬರಲ್ಲಿ ಒಬ್ಬಳು ಮನೇಲಿರಬೇಕು.” ಅಮ್ಮ ಒಳಗೆ ಮಲಗಿದ್ದಳು, ಬೆನ್ನು ಹಿಡಿದು ಮಲಗಿದವಳು ಇನ್ನು ಸುಲಭಕ್ಕೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು. ಅಕ್ಕ ಶಾಲೆಗೆ ಹೊರಟು ಚಪ್ಪಲಿಯ ಬಕಲ್ ಹಾಕುತ್ತಿದ್ದಳು. ಅದೇನು ಬಕಲ್ಲೋ, ಹಾಕಿ ಮುಗಿಯಲೇ ಇಲ್ಲ. ಗೋಡೆ ಗಡಿಯಾರದ ಸದ್ದು, ಬ್ಲೇಡಿನ ಕೆರೆತದ ಸದ್ದು, ಒಳಗೆ ಅಮ್ಮ ಉಸಿರು ಹಿಡಿದು ಕೇಳುತ್ತಿರುವ ಸದ್ದಿಲ್ಲದ ಸದ್ದು. “ನಾನಿರ್ತೀನಿ” ಎಂದಳು ಅವಳು. ಅಂದ ಕೂಡಲೇ ಯಾರೋ ತಲೆ ಮುಟ್ಟಿದಂತಾಯಿತು. ಯಾರೂ ಮುಟ್ಟಿರಲಿಲ್ಲ. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿ ಮುಖ ತೊಳೆಯಲು ಹೋದ. ಅಕ್ಕ ಎದ್ದು ಹೋದಳು. ಅಂದು ಸಂಜೆ ಅಕ್ಕ ಬಂದು ಶಾಲೆಯಲ್ಲಿ ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಆಮೇಲೆ ಕಾಲೇಜಿನದು, ಆಮೇಲೆ ಟೀಚರ್ ಕೆಲಸದ್ದು. ಅಮ್ಮನ ಕಾಲಿಗೆ ಮುಲಾಮು ತಿಕ್ಕುತ್ತ ಅವಳು ಕೇಳುತ್ತಿದ್ದಳು. ನೆರಳು ಅಲ್ಲೆಲ್ಲ ಹೋಗಿ ಬಂದಿದೆ ಎಂದುಕೊಳ್ಳುತ್ತಿದ್ದಳು. ಅದರಲ್ಲಿ ದುಃಖವೇನೂ ಇರಲಿಲ್ಲ, ಒಂದು ಗುಟ್ಟಾದ ಹೆಮ್ಮೆ ಇತ್ತು. ಅಮ್ಮ ಹೋದ ಮೇಲೂ, ಬೈಂಡಿಂಗ್ ಅಂಗಡಿಯಲ್ಲಿ ಸೂಜಿ ಹಿಡಿದ ಮೇಲೂ, ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಪಕ್ಕದಲ್ಲಿ ನಿಂತು ನಕ್ಕಾಗಲೂ, ಅವಳು ಒಳಗೊಳಗೇ ಆ ಮಾತನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಹಗ್ಗ ಹಿಡಿದವಳೇ. ಈಗ ಗ್ರಂಥಾಲಯದ ಈ ಪ್ರತಿ, ಬೂಸಲು ವಾಸನೆಯ ಈ ಕಂದು ಪ್ರತಿ, ಆ ಮಾತು ಎಂದೂ ಇರಲಿಲ್ಲ ಎನ್ನುತ್ತಿತ್ತು. ದೋಣಿಯವನಿಗೆ ಮಾತೇ ಇಲ್ಲ. ಅವನು ಗೊರಕೆ ಹೊಡೆಯುತ್ತಿದ್ದಾನೆ.

ಒಂದು ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟ ಮಾಡಿದ ಕಟ್ಟಿಗೆ ಅಂಗಡಿಯಲ್ಲಿ ಫಾರಂ ಎನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಜೋಡಿಸಿ, ಒಂದರ ಬೆನ್ನಿಗೊಂದು ಹೊಲಿದರೆ ಪುಸ್ತಕ. ಮಾತಾಡುತ್ತ ಜೋಡಿಸಿದರೆ ಒಮ್ಮೊಮ್ಮೆ ಒಂದು ಫಾರಂ ತಪ್ಪಿಹೋಗುತ್ತದೆ. ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿದ ಮೇಲೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅವಳೂ ಒಮ್ಮೆ ಹಾಗೆ ಮಾಡಿ ಯಜಮಾನರಿಂದ ಬೈಸಿಕೊಂಡಿದ್ದಳು. “ಓದೋರಿಗೆ ಹಳ್ಳ ತೋಡಿ ಇಟ್ಟಿದೀಯಲ್ಲಮ್ಮ” ಎಂದಿದ್ದರು. ಮನೆಯ ಪ್ರತಿಯಲ್ಲೂ ಹಾಗೇ ತಪ್ಪಿದ್ದರೆ? ಆಗ ಅಕ್ಕನೂ ಆ ಪುಟಗಳನ್ನು ಕಂಡವಳಲ್ಲ. ಹುಡುಗುಬುದ್ಧಿಗೆ ಹಳ್ಳ ಮುಚ್ಚಲು ಏನೋ ಕಟ್ಟಿ ಹೇಳಿದಳು, ಅಷ್ಟೆ. ಆದರೆ ಅಕ್ಕ, ಬೀಳುವ ಮುಂಚೆ ಓದಿದ್ದೆ ಎಂದಿದ್ದಳು. ಓದಿದ್ದರೆ, ಮೂವರೂ ಹೋದರು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಂಗಿಯನ್ನು ದಡದಲ್ಲಿ ನಿಲ್ಲಿಸಿದಳು. ಹಾಳೆಗಳು ಬಿದ್ದವೋ? ಯಾರಾದರೂ ಕಿತ್ತರೋ? ಅಕ್ಕ ಅದನ್ನು ಹೇಳಿದ್ದು ಯಾವಾಗ? ಅವಳು ನೆನಪನ್ನು ಕೆದಕಿದಳು. ಮಂಚ, ಗೋಡೆ, ಅಕ್ಕನ ಮೊಣಕಾಲು. ಕೋಣೆಯಲ್ಲಿ ಮುಲಾಮಿನ ವಾಸನೆ ಇತ್ತೆ? ಇದ್ದರೆ ಅಮ್ಮ ಆಗಲೇ ಮಲಗಿದ್ದಳು, ಮುಂದೆ ಏನು ಬರುತ್ತದೆಂದು ಮನೆಗೆಲ್ಲ ಗೊತ್ತಿತ್ತು. ಇಲ್ಲದಿದ್ದರೆ ಅದು ಬರೀ ಕಥೆ. ಅವಳು ಮೂಗಿನಿಂದಲೇ ನೆನಪು ಮಾಡಿಕೊಳ್ಳಲು ನೋಡಿದಳು. ಒಮ್ಮೆ ಮುಲಾಮು ಬಂತು, ಒಮ್ಮೆ ಬರಲಿಲ್ಲ. ಅಂಗಡಿಯ ಅಂಟಿನ ವಾಸನೆ ಎಲ್ಲದರ ಮೇಲೂ ಕೂತಿತ್ತು.

ಮನೆಯ ಪ್ರತಿ ಈಗ ಅಕ್ಕನ ಹತ್ತಿರವಿತ್ತು. ಮಗಳು ಓದಲು ಕಲಿತಳೆಂದು ಹೋದ ವರ್ಷ ಬಂದು ಕೇಳಿ ತೆಗೆದುಕೊಂಡು ಹೋಗಿದ್ದಳು. ಆಗ ಖುಷಿಯಾಗಿತ್ತು. ಈಗ ಆ ಕೇಳುವಿಕೆಯೇ ವಿಚಿತ್ರವಾಗಿ ಕಂಡಿತು. ಪೇಟೆಯ ಅಂಗಡಿಗಳ ತುಂಬ ಹೊಸ ಪುಸ್ತಕಗಳಿರುವಾಗ ಮುಖಪುಟವೂ ಉದುರಿಹೋದ ಆ ಹಳೆಯದೇ ಯಾಕೆ ಬೇಕಿತ್ತು? ಸಂಜೆ ಎಲ್ಲರೂ ಕೈ ತೊಳೆಯಲು ಎದ್ದಾಗ ಅವಳು ಬಿಚ್ಚಿದ ಪುಸ್ತಕದ ನಡುವಿನಿಂದ ಆ ಒಂದು ಫಾರಂ ಎಳೆದು, ಊಟದ ಡಬ್ಬಿಯ ಕೆಳಗೆ ಚೀಲಕ್ಕೆ ಸೇರಿಸಿದಳು. ಉಳಿದವನ್ನು ಕಟ್ಟಿ ತೂಕದ ಕಲ್ಲಿನ ಕೆಳಗಿಟ್ಟಳು. ಸೋಮವಾರ ಬೆಳಿಗ್ಗೆ ಬಂದವಳೇ ಮೊದಲು ಇದನ್ನೇ ಹೊಲಿಯುವುದು, ಯಾರಿಗೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬಾಗಿಲಲ್ಲಿ ಯಜಮಾನರು, “ಚೀಲ ಭಾರ ಇದೆಯೇನಮ್ಮ?” ಎಂದರು. ದಿನವೂ ಯಾರನ್ನಾದರೂ ಕೇಳುವ ಮಾತು. “ಇಲ್ಲ ಸಾರ್” ಎನ್ನುವಾಗ ಅವಳ ದನಿ ಇಲಿಯಷ್ಟಾಗಿತ್ತು.

ಮರುದಿನ ಭಾನುವಾರ. ಅಕ್ಕನ ಮನೆ ಮೂರನೆಯ ಮಹಡಿ. ಮೆಟ್ಟಿಲು ಹತ್ತುತ್ತ ಅವಳು ಏನು ಕೇಳಬೇಕೆಂದು ಜೋಡಿಸಿಕೊಂಡಳು. ಪ್ರತಿ ತಿರುವಿನಲ್ಲಿ ಆ ಮಾತು ಬೇರೆಯಾಗುತ್ತಿತ್ತು. ಮೊದಲ ತಿರುವಿನಲ್ಲಿ ಅದು ಪ್ರಶ್ನೆ, ಎರಡನೆಯದರಲ್ಲಿ ತಮಾಷೆ, ಬಾಗಿಲ ಮುಂದೆ ಅದು ಬರೀ ಏದುಸಿರು. ಹೊಸ್ತಿಲಲ್ಲಿ ಪರಿಚಯವಿಲ್ಲದ ಎತ್ತರ ಹಿಮ್ಮಡಿಯ ಚಪ್ಪಲಿ. ಒಳಗೆ ಅಕ್ಕನ ಶಾಲೆಯ ಇನ್ನೊಬ್ಬ ಟೀಚರ್ ಟೀ ಕುಡಿಯುತ್ತಿದ್ದರು. “ಬಾರೇ, ಬಾ. ಇವಳು ನನ್ನ ತಂಗಿ. ಪುಸ್ತಕದ ಕ್ಷೇತ್ರದಲ್ಲಿದಾಳೆ” ಎಂದಳು ಅಕ್ಕ. ಕ್ಷೇತ್ರ ಎಂಬ ಮಾತು ಕೋಣೆಯ ನಡುವೆ, ಯಾರೋ ತಪ್ಪು ಮನೆಗೆ ತಂದಿಟ್ಟ ಸೋಫಾದಂತೆ, ದೊಡ್ಡದಾಗಿ ಕೂತಿತು.

“ಓ, ಬರೀತೀರಾ?” ಎಂದರು ಆ ಟೀಚರ್.

“ಇಲ್ಲ. ಹೊಲೀತೀನಿ.”

ಅವರು ತಮಾಷೆಯೆಂದುಕೊಂಡು ಗಟ್ಟಿಯಾಗಿ ನಕ್ಕರು. ಅಕ್ಕನೂ ನಕ್ಕಳು, ಅರ್ಧ ಗಳಿಗೆ ತಡವಾಗಿ. ಆ ಅರ್ಧ ಗಳಿಗೆಯನ್ನು ಅವಳು ಎತ್ತಿ ಚೀಲದಲ್ಲಿಟ್ಟುಕೊಂಡಳು. ಅಕ್ಕನಿಗೆ ನನ್ನಿಂದ ನಾಚಿಕೆಯೋ, ನನಗಾಗಿ ನಾಚಿಕೆಯೋ, ಇಲ್ಲ ತನ್ನ ಬಗ್ಗೆಯೇ ಏನೋ ಮುಚ್ಚಿಡಬೇಕೋ? ಒಳಗಿನಿಂದ ಅಕ್ಕನ ಮಗಳು ಓಡಿಬಂದು “ಚಿಕ್ಕಮ್ಮ!” ಎಂದು ಸೊಂಟಕ್ಕೆ ಜೋತುಬಿದ್ದಳು. ಎಂಟು ವರ್ಷದ ಅವಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಬಾಯಿಗೆ ಬಿಡುವಿಲ್ಲ, ಒಂದು ಕಡೆ ಕೂರುವುದಿಲ್ಲ.

ಗುಬ್ಬಿಯ ಕೋಣೆಯ ಕಪಾಟಿನಲ್ಲಿ ಪುಸ್ತಕ ಇತ್ತು. ಬಚ್ಚಿಟ್ಟಿರಲಿಲ್ಲ. ಬಚ್ಚಿಡದೆ ಇರುವುದೂ ಬಚ್ಚಿಡುವ ಒಂದು ಬಗೆಯೇ ಎಂದು ಯೋಚಿಸಿ, ಛೆ, ನನಗೇನಾಗಿದೆ ಎಂದುಕೊಂಡಳು. ಮಂಚದ ಮೇಲೆ ಕೂತು, ಕಿಟಕಿಗೆ ಬೆನ್ನು ತಿರುಗಿಸಿ, ಆ ಜಾಗ ತೆರೆದಳು. ಹಾಳೆ ಕಿತ್ತಿದ್ದರೆ ಬುಡದಲ್ಲಿ ತುಂಡು ಉಳಿಯುತ್ತದೆ, ಅಕ್ಕಪಕ್ಕದ ಹಾಳೆ ಸಡಿಲವಾಗುತ್ತದೆ. ಇಡೀ ಫಾರಂ ಬಿದ್ದುಹೋಗಿದ್ದರೆ ಒಳಗೆ ದಾರ ಸಡಿಲವಾಗಿ ಜೋಲುತ್ತದೆ, ಬೆನ್ನಿನಲ್ಲಿ ಹಲ್ಲು ಬಿದ್ದ ವಸಡಿನಂಥ ತಗ್ಗು. ಅವಳು ಬೆರಳಿನಿಂದ ಬೆನ್ನು ಸವರಿದಳು. ತಗ್ಗಿರಲಿಲ್ಲ. ದಾರ ಈ ಫಾರಂನಿಂದ ಆಚೆಯ ಫಾರಂಗೆ ಬಿಗಿಯಾಗಿ, ನೇರವಾಗಿ, ಒಂದೇ ಎಳೆತದಲ್ಲಿ ಹೋಗಿತ್ತು. ಅಲ್ಲಿ ಎಂದೂ ಏನೂ ಇರಲಿಲ್ಲ. ಯಾವುದೋ ಊರಿನ ಯಾವುದೋ ಅಂಗಡಿಯಲ್ಲಿ ಅವಳಂಥ ಒಬ್ಬಳು ಮಾತಾಡುತ್ತ ಜೋಡಿಸಿದ್ದಳು. ಅಕ್ಕ ಏನನ್ನೂ ಕಿತ್ತಿರಲಿಲ್ಲ, ಏನನ್ನೂ ಓದಿರಲಿಲ್ಲ. ಹಗುರಾಗಬೇಕಿತ್ತು. ಆಗಲಿಲ್ಲ. ನೋಯುತ್ತಿದ್ದ ಹಲ್ಲನ್ನು ನಾಲಿಗೆ ಹುಡುಕಿ ಹುಡುಕಿ ಮುಟ್ಟುವಂತೆ ಅವಳ ಬೆರಳು ಮತ್ತೆ ಮತ್ತೆ ಆ ಬಿಗಿಯಾದ ದಾರವನ್ನೇ ಮುಟ್ಟಿತು. ದಾರ ಹೇಳುವುದು ದಾರದ ವಿಷಯ. ಬೇರೆಯವರ ಮನೆಯಲ್ಲಿ, ಶಾಲೆಯ ಕಪಾಟಿನಲ್ಲಿ, ಅಕ್ಕ ಇನ್ನೊಂದು ಪ್ರತಿ ಓದಿರಬಾರದೆಂದೇನಿದೆ?

ಆಗ ಅವಳಿಗೆ ಹೊಳೆಯಿತು. ಅಮ್ಮ ಮಲಗಿದ್ದಾಗ ರೇಡಿಯೊದಲ್ಲಿ ಹಳೆಯ ನಾಟಕ ಮತ್ತೆ ಮತ್ತೆ ಬರುತ್ತಿತ್ತು. ಅಮ್ಮನ ತುಟಿಗಳು ನಾಟಕಕ್ಕಿಂತ ಒಂದು ಮಾತು ಮುಂದೆ ಅಲುಗುತ್ತಿದ್ದವು. ಗೊತ್ತಿರುವ ಕಥೆ ಕೇಳುವವರ ಮುಖ ಕಾಯುವುದಿಲ್ಲ, ಮುಂದೆ ಹೋಗಿ ನಿಂತು ತಿರುಗಿ ನೋಡುತ್ತದೆ. ಅಕ್ಕ ಈ ಪುಟಗಳನ್ನು ಓದಿದ್ದರೆ ಅವಳ ಮುಖವೂ ಹೇಳಿಬಿಡುತ್ತದೆ. ಆ ಇನ್ನೊಬ್ಬ ಟೀಚರ್ ಹೋಗಿ, ಊಟ ಮುಗಿದು, ಅಕ್ಕ ತಟ್ಟೆ ತೊಳೆಯಲು ನಿಂತಾಗ ಅವಳು ಚೀಲದಿಂದ ಫಾರಂ ತೆಗೆದು ಗುಬ್ಬಿಯ ಕೈಗಿಟ್ಟಳು. ತನ್ನ ಕೆಲಸ ತನಗೇ ಹೇಸಿಗೆಯೆನಿಸಿತು. ಸ್ವಂತ ಅಕ್ಕನಿಗೆ ಬಲೆ, ಅದನ್ನು ಬೀಸಲು ಕೂಸಿನ ಕೈ. ಆದರೆ ನೀರಿಗಿಳಿದಾಗಿತ್ತು.

“ಇದೇನು ಚಿಕ್ಕಮ್ಮ, ಬಿಡಿ ಬಿಡಿ?”

“ನಿನ್ನ ದ್ವೀಪದ ಪುಸ್ತಕದಲ್ಲಿ ಇಲ್ದೇ ಇರೋ ಪುಟ. ಗಟ್ಟಿಯಾಗಿ ಓದು. ನಿಮ್ಮಮ್ಮನಿಗೂ ಕೇಳಿಸಲಿ.”

ನಲ್ಲಿಯ ನೀರು ನಿಂತಿತು. ಅಕ್ಕ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. “ಎಲ್ಲಿ ಸಿಕ್ತೇ ಅದು?” ಎಂದಳು. “ಅಂಗಡಿಗೆ ಬಂದಿತ್ತು” ಎಂದಳು ಇವಳು, ಅಕ್ಕನ ತುಟಿಗಳಿಂದ ಕಣ್ಣು ತೆಗೆಯದೆ. ಟೀಚರ್ ಮುಖ ಅದು. ಎಷ್ಟೋ ಮಕ್ಕಳ ತಪ್ಪು ಉತ್ತರಗಳ ಮುಂದೆ ಅಲುಗದೆ ನಿಂತು ಕಲಿತ ಮುಖ. ನಂಬಬಹುದೆ?

ಗುಬ್ಬಿ ಮಂಚದ ಮೇಲೆ ನಿಂತು ಭಾಷಣದಂತೆ ಓದತೊಡಗಿದಳು. ದೋಣಿಯವನ ಗೊರಕೆ ಬಂದಾಗ ತಾನೂ ಗೊರಕೆ ಹೊಡೆದಳು. “ತಂಗಿಯೇ ಎಲ್ಲರಿಗಿಂತ ಮೊದಲು ದೋಣಿಗೆ ಹಾರಿದಳು. ಮುಂದಿನ ಜಾಗ ನನ್ನದು ಎಂದಳು. ಯಾವಾಗಲೂ ನಿನ್ನದೇ ಎಂದ ಅಣ್ಣ.” ಅಕ್ಕನ ತುಟಿ ಅಲುಗಲಿಲ್ಲ. ಟವೆಲು ಹಿಡಿದ ಕೈ ಅಲ್ಲೇ ನಿಂತಿತ್ತು. ದೋಣಿ ನಡುನೀರಿಗೆ ಬಂತು, ತಂಗಿಗೆ ತಲೆ ಸುತ್ತಿ ವಾಂತಿಯಾಯಿತು, ಒಂದು ಮೀನು ತಲೆಯೆತ್ತಿ ಒಗಟು ಕೇಳಿತು. ಎಲ್ಲಿ ಹೋದರೂ ಬರುತ್ತದೆ, ಕರೆದರೆ ಮಾತ್ರ ಬರುವುದಿಲ್ಲ, ಏನು? “ನೆರಳು” ಎಂದಳು ಅಕ್ಕ. ಗುಬ್ಬಿ ಉಸಿರೆಳೆಯುವ ಮೊದಲೇ. ಗೊತ್ತಿತ್ತೆ? ಇಂಥ ಒಗಟಿಗೆ ಯಾರು ಬೇಕಾದರೂ ಉತ್ತರ ಹೇಳಬಹುದು. ಗೊತ್ತಿತ್ತೆ? ಗುಬ್ಬಿ ಪುಟ ತಿರುಗಿಸಲು ತಡವರಿಸಿದಳು. ಆಗ ಅಕ್ಕ, ಟೀಚರ್ ದನಿಯಲ್ಲಲ್ಲ, ಮಂಚದ ಅಂಚಿನಲ್ಲಿ ಮೊಣಕಾಲೆತ್ತಿ ಕೂತ ಹಳೆಯ ಹುಡುಗಿಯ ದನಿಯಲ್ಲಿ, “ಆಮೇಲೆ?” ಎಂದಳು. “ತಿರುಗಿಸೇ ಬೇಗ, ಆಮೇಲೇನಾಯ್ತು?”

ಆ ದನಿ ನಟಿಸಲು ಬರುವಂಥದ್ದಲ್ಲ. ಅಕ್ಕ ಈ ಪುಟಗಳನ್ನು ಈಗ ಮೊದಲ ಸಲ ಕೇಳುತ್ತಿದ್ದಳು. ಬಲೆ ಖಾಲಿಯಾಗಿ ಮೇಲೆ ಬಂತು. ಎಳೆದವಳ ಕೈ ಮಾತ್ರ ಒದ್ದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಮೀನು ದಾರಿ ಬಿಟ್ಟಿತು, ಮರಳು ಕಂಡಿತು, ಪುಟಗಳು ಮುಗಿದವು.

“ಇಷ್ಟೇನಾ?” ಅಕ್ಕ ನಕ್ಕುಬಿಟ್ಟಳು. ಬಂದು ಮಂಚದ ಮೇಲೆ ಕೂತಳು. “ವಾಂತಿ, ಮೀನು, ಒಂದು ಒಗಟು! ಅಯ್ಯೋ, ಇಷ್ಟಕ್ಕೆ ನಾನು ಅಷ್ಟೆಲ್ಲ ಕಷ್ಟಪಟ್ಟು...” ಎಂದವಳು ತಂಗಿಯ ಮುಖ ನೋಡಿ ನಿಲ್ಲಿಸಿದಳು.

“ಕಷ್ಟಪಟ್ಟು ಕಟ್ಟಿದೆ” ಎಂದಳು ಇವಳು. “ಬಾಯಿಪಾಠ ಇದೆ ಅಂದಿದ್ದೆ.”

“ಹಾಗನ್ನದಿದ್ರೆ ನೀನು ಕೇಳ್ತಿದ್ದೆಯೇನೇ? ಪುಸ್ತಕದಲ್ಲಿ ಇಲ್ಲ ಅಂದ್ರೆ ನಂಬ್ತಿರಲಿಲ್ಲ ನೀನು. ಆ ಹಾಳೆ ಎಲ್ಲಿ ಅಂತ ಅಳ್ತಿದ್ದೆ.”

ಅದು ನಿಜ. ನಿಜವಾದದ್ದೇ ಸಿಟ್ಟು ತರಿಸಿತು. ಅಷ್ಟರಲ್ಲಿ ಗುಬ್ಬಿ ಹಾಳೆಗಳನ್ನು ಬೀಸಣಿಗೆಯಂತೆ ಬೀಸುತ್ತ, “ಅಮ್ಮ, ನೀನು ಹೇಳಿದ್ದು ಬೇರೆ! ಹಗ್ಗ ಮರಕ್ಕೆ ಕಟ್ಟಿದ್ರು ಅಂದಿದ್ದೆ” ಎಂದಳು.

“ಯಾವ ಮರ?” ಎಂದಳು ಇವಳು.

“ದಡದ ಮರ, ಚಿಕ್ಕಮ್ಮ. ಹಗ್ಗ ಯಾರಾದ್ರೂ ಹಿಡ್ಕೋಬೇಕಲ್ಲ, ಇಲ್ದಿದ್ರೆ ದೋಣಿ ವಾಪಸ್ ಬರಲ್ಲ. ಅಮ್ಮ ಮೊದಲು, ತಂಗಿ ಹಿಡ್ಕೋತಾಳೆ ಅಂದ್ಳು. ನಾನಂದೆ, ಅವಳ್ಯಾಕೆ ಒಬ್ಬಳೇ ನಿಲ್ಬೇಕು, ಅಲ್ಲಿ ಮರ ಇಲ್ವಾ ಅಂತ. ಅಮ್ಮ ತುಂಬಾ ಹೊತ್ತು ಸುಮ್ನಿದ್ಳು. ಆಮೇಲೆ, ಇದೆ ಅಂದ್ಳು. ಅದಕ್ಕೇ ಮರಕ್ಕೆ ಕಟ್ಟಿ ಮೂರೂ ಜನ ಹೋದ್ರು.”

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಅವಳು ಆ ದಡವನ್ನು ನೋಡಿದಳು. ಎಷ್ಟು ವರ್ಷ ನಿಂತ ದಡ. ಒಂದೊಂದು ಕಲ್ಲೂ ಗೊತ್ತು. ಒದ್ದೆ ಮಣ್ಣು, ಎದುರಿಗೆ ಹಸಿರು ನೀರು, ಅಂಗೈಯಲ್ಲಿ ಹಗ್ಗ. ಹಿಂದೆ ಏನಿತ್ತು? ಅವಳು ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ಅಕ್ಕ ಟವೆಲನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಆ ಬಕಲ್ಲಿನಂತೆ ಅದೂ ಮುಗಿಯುವ ಹಾಗಿರಲಿಲ್ಲ.

“ನೀನು ಕೇಳ್ಲಿಲ್ಲ ಕಣೇ” ಎಂದಳು ಅಕ್ಕ, ಬಹಳ ಮೆಲ್ಲಗೆ. ಅದರಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ಇವಳು ಕೇಳಿದ್ಳು. ನೀನು ಕೇಳಿದ್ರೆ ನಿಂಗೂ ಕಟ್ತಿದ್ದೆ. ನೆರಳಿನ ಬಗ್ಗೆ ಕೇಳ್ದೆ, ಮರದ ಬಗ್ಗೆ ಕೇಳ್ಲಿಲ್ಲ.”

“ಈಗ ಕೇಳ್ತೀನಿ” ಎಂದಳು ಇವಳು. ತನ್ನ ದನಿ ಇಲಿಯದಲ್ಲ ಎಂದು ತನಗೇ ಆಶ್ಚರ್ಯ. “ಆ ಕಥೆ ಹೇಳಿದಾಗ ಅಮ್ಮ ಮಲಗಿದ್ಳಾ?”

“ಯಾವಾಗ?”

“ಹಗ್ಗದ್ದು ಹೇಳಿದಾಗ. ಮೊದಲನೇ ಸಲ. ಅಮ್ಮನ ಬೆನ್ನು ಹಿಡಿದಿತ್ತಾ ಆಗ?”

ಗುಬ್ಬಿ ಇಬ್ಬರನ್ನೂ ನೋಡಿ, ಹುಟ್ಟಿದ ಮೇಲೆ ಮೊದಲ ಸಲವೆಂಬಂತೆ, ಬಾಯಿ ಮುಚ್ಚಿಕೊಂಡು ಕೂತಳು. ಅಕ್ಕ ಕಿಟಕಿಯ ಕಡೆ ನೋಡಿದಳು. ಹುಡುಕುತ್ತಿದ್ದಳೋ, ಹುಡುಕಿದ್ದನ್ನು ಮತ್ತೆ ಮುಚ್ಚುತ್ತಿದ್ದಳೋ. “ನೆನಪಿಲ್ಲ” ಎಂದಳು. “ನಿಜವಾಗ್ಲೂ ನೆನಪಿಲ್ಲ ಕಣೇ. ನಾನೂ ಎಷ್ಟೋ ಸಲ ನೆನಪು ಮಾಡ್ಕೊಂಡಿದೀನಿ. ಒಂದ್ಸಲ ಹಾಗನ್ನಿಸುತ್ತೆ, ಒಂದ್ಸಲ ಹೀಗೆ. ನೀನು ನಂಬಲ್ಲ.”

“ನಂಬಲ್ಲ” ಎಂದಳು ಅವಳು.

ಅಕ್ಕನಿಗೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಹೇಳಿ ನೋಡಿದರೆ ಗೋಡೆಗಳು ನಿಂತೇ ಇದ್ದವು. ಅಕ್ಕ ತಲೆಯಾಡಿಸಿದಳು, ಸರಿಯಾದ ಉತ್ತರ ಬಂದಾಗ ತರಗತಿಯಲ್ಲಿ ಆಡಿಸುವ ಹಾಗೆ. ನಾನೂ ಎಷ್ಟೋ ಸಲ ಎಂದಳಲ್ಲ, ಹಾಗಾದರೆ ಅಕ್ಕನೂ ಅನುಮಾನಪಟ್ಟಿದ್ದಾಳೆ, ತನ್ನನ್ನೇ. ಅದನ್ನೂ ನಂಬಬೇಕೋ ಬೇಡವೋ ತಿಳಿಯಲಿಲ್ಲ. ಅದನ್ನೂ ಎತ್ತಿಟ್ಟುಕೊಂಡಳು. ಗುಬ್ಬಿ ಹಾಳೆಗಳನ್ನು ಎದೆಗೊತ್ತಿಕೊಂಡು, “ಇದು ನಂಗೇ ಇರ್ಲಿ ಚಿಕ್ಕಮ್ಮ, ನನ್ನ ಪುಸ್ತಕಕ್ಕೆ ಸೇರಿಸ್ತೀನಿ” ಎಂದು ಗೋಗರೆದಳು. “ಬೇರೆಯವರದ್ದು ಪುಟ್ಟ. ನಾಳೆ ಹೊಲೀಬೇಕು. ಇಲ್ದಿದ್ರೆ ಅಲ್ಲಿ ಓದೋರಿಗೆ ಹಳ್ಳ ಆಗುತ್ತೆ.” ಈ ಸಪ್ಪೆ ಪುಟಗಳು ಸಿಕ್ಕಿದ್ದರೆ ಅವಳಿಗೆ ಆ ಒಂದು ಮಾತು ಸಿಗುತ್ತಿರಲಿಲ್ಲ. ಆ ಮಾತಿಲ್ಲದೆಯೂ ಅಂದು ಕನ್ನಡಿಯ ಮುಂದೆ ಅವಳು ನಾನಿರ್ತೀನಿ ಎನ್ನುತ್ತಿದ್ದಳೆ? ಅನ್ನುತ್ತಿದ್ದಳೇನೋ. ಆಗ ಹಿಡಿಯಲು ಹಗ್ಗವೂ ಇರುತ್ತಿರಲಿಲ್ಲ, ಬರೀ ಕೈ.

ಸಂಜೆ ಅಕ್ಕ ಬಸ್‌ಸ್ಟಾಪಿನವರೆಗೆ ಬಂದಳು. ಬೇಡವೆಂದರೂ ಚೀಲವನ್ನು ಅವಳೇ ಹಿಡಿದುಕೊಂಡಿದ್ದಳು. ಎದುರಿನ ಅಂಗಡಿಯವನು ಬಾಗಿಲು ಅರ್ಧ ಎಳೆದು, ಮತ್ತೇನೋ ನೆನಪಾಗಿ ಮೇಲೆತ್ತಿದ. ಬಸ್ಸು ಬಂತು. ಅವಳು ಮೆಟ್ಟಿಲೇರಿ ಕೈ ಚಾಚಿದಳು. ಅಕ್ಕ ಚೀಲ ಕೊಟ್ಟಳು, ಆದರೆ ಅದರ ಪಟ್ಟಿಯ ತುದಿಯನ್ನು ಬಿಡಲಿಲ್ಲ. ಕೆಳಗೆ ಅಕ್ಕ, ಮೇಲೆ ಅವಳು, ನಡುವೆ ಬಿಗಿದ ಪಟ್ಟಿ. ಕಂಡಕ್ಟರ್ “ಹತ್ತೋದಾದ್ರೆ ಹತ್ತಿ, ಇಳಿಯೋದಾದ್ರೆ ಇಳೀರಿ, ಸಂಸಾರ ಬಾಗಿಲಲ್ಲಿ ಬೇಡ” ಎಂದು ರೇಗಿದ. ಅಕ್ಕ ಏನೋ ಹೇಳಲು ಬಾಯಿ ತೆರೆದಿದ್ದಳು. ಆ ಮಾತು ಏನೇ ಆಗಿರಲಿ, ಚೆನ್ನಾಗಿಯೇ ಇರುತ್ತದೆ, ತಲೆ ಮುಟ್ಟಿದಂತೆಯೇ ಇರುತ್ತದೆ ಎಂದು ಅವಳಿಗೆ ಭಯವಾಯಿತು.

“ಬಿಡಕ್ಕ” ಎಂದಳು.

ಅಕ್ಕ ಬಿಟ್ಟಳು. ಬಸ್ಸು ಹೊರಟಿತು. ಮುಂದಿನ ಕಿಟಕಿಯ ಜಾಗ ಖಾಲಿಯಿತ್ತು, ಅವಳು ಹೋಗಿ ಅದರಲ್ಲಿ ಕೂತಳು. ತಿರುಗಿ ನೋಡಲಿಲ್ಲ. ನೋಡಿದರೆ ಅಕ್ಕ ಅಲ್ಲೇ ನಿಂತಿರಬಹುದು, ಹೋಗಿಬಿಟ್ಟಿರಬಹುದು. ಇವತ್ತು ಎರಡನ್ನೂ ನಂಬುವ ಹಾಗಿರಲಿಲ್ಲ. ಮೊದಲ ತಿರುವಿನಲ್ಲೇ, ನಡುನೀರಿನಲ್ಲಿ ಆ ತಂಗಿಗೆ ಸುತ್ತಿದಂತೆ, ಅವಳಿಗೆ ಸಣ್ಣಗೆ ತಲೆ ಸುತ್ತತೊಡಗಿತು.